ಅಗ್ಗಿಷ್ಟಿಕೆಯ ಮೇಲಿನ ಹೆಸರು

ಲಾರಿಯ ಹಿಂದೆ ಬಣ್ಣ ಬಳಿದವನ ಹೆಸರಿರುತ್ತದೆ. ಕ್ಯಾಬಿನ್ನಿನ ನೆತ್ತಿಯ ಮೇಲೆ ಬಾಡಿ ಕಟ್ಟಿದವನ ಹೆಸರಿರುತ್ತದೆ. ಮುಂದಿನ ಗಾಜಿನ ಮೇಲೆ ಮಾಲೀಕನ ಮಕ್ಕಳ ಹೆಸರು, ಮನೆದೇವರ ಹೆಸರು. ಆ ಲಾರಿಯ ದೀಪ ಉರಿಯುವ ಹಾಗೆ, ಹಾರನ್ ಕೂಗುವ ಹಾಗೆ ಮಾಡಿದವನ ಹೆಸರನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲ. ಅವನ ಕೆಲಸವೆಲ್ಲ ತಗಡಿನ ಒಳಗೆ. ಕೆಲಸ ಸರಿಯಿದ್ದರೆ ಅವನು ಯಾರಿಗೂ ನೆನಪಾಗುವುದಿಲ್ಲ, ಕೆಟ್ಟರೆ ಮಾತ್ರ ಅವನ ಅಪ್ಪ ಅಮ್ಮ ಎಲ್ಲರೂ ನೆನಪಾಗುತ್ತಾರೆ.

ಕೆ.ಆರ್. ಪೇಟೆಯ ಅಬ್ದುಲ್ ವಾಹಿದ್ ಇಪ್ಪತ್ತೆಂಟು ವರ್ಷ ಹೀಗೆ ತಗಡಿನ ಒಳಗೇ ಬದುಕಿದ. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ, ಜಟಕಾ ಹೊಡೆಯುವವನ ಮಗನಾಗಿ. ಕುದುರೆ ಸತ್ತ ವರ್ಷ ಅಪ್ಪ ಅವನನ್ನು ಮೈಸೂರಿನ ಗ್ಯಾರೇಜೊಂದಕ್ಕೆ ಸೇರಿಸಿದ. ಮದುವೆಯಾದ ಮೇಲೆ ಹೆಂಡತಿ ಕಮರುನ್ನೀಸಾಳ ಊರಾದ ಪೇಟೆಗೆ ಬಂದು ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ವೈರಿಂಗಿನ ಅಂಗಡಿ ಇಟ್ಟ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಕುಂಟು ಮೇಜು, ಬೋರ್ಡೂ ಇಲ್ಲ. ಪಕ್ಕದಲ್ಲೇ ಪೇಂಟರ್ ಮರಿಸ್ವಾಮಿಯ ಶೆಡ್ಡು. ಆ ಮರಿಸ್ವಾಮಿ ಒಂದು ಕಮಲದ ಹೂ ಬಿಡಿಸಿದರೂ ಕೆಳಗೆ ತನ್ನ ಹೆಸರು, ಊರು ಎಲ್ಲ ಬರೆದುಕೊಳ್ಳುವ ಆಸಾಮಿ.

"ಏನ್ಲಾ ವಾಹಿದ, ನಿನ್ನ ಎಸ್ರು ಎಲ್ ಬರೀಲಿ? ಡೈನಮೋ ಒಳ್ಗಾ?" ಎಂದು ಅವನು ರೇಗಿಸುತ್ತಿದ್ದ.

"ಬರಿಯಲಾ, ಇಲಿಗಳಾದ್ರೂ ಓದ್ಕೊಳ್ಳಿ," ಎಂದು ವಾಹಿದ್ ನಗುತ್ತಿದ್ದ. ನಗುತ್ತಿದ್ದ ನಿಜ, ಆದರೆ ಆ ಮಾತು ಅವನಿಗೆ ಪ್ರತಿ ಸಲವೂ ಚುಚ್ಚುತ್ತಿತ್ತು. ಸಾಯುವುದರೊಳಗೆ ತಾನು ಮಾಡಿದ ಒಂದೇ ಒಂದು ವಸ್ತುವಿನ ಮೇಲಾದರೂ ತನ್ನ ಹೆಸರು ಇರಬೇಕು ಎಂಬ ಆಸೆ ಅವನಲ್ಲಿ ಗಟ್ಟಿಯಾಗಿ ಕೂತಿತ್ತು. ಕಮರುನ್ನೀಸಾಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಹೇಳಿರಲಿಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಆ ಕಾಲ ಬಂತು. ಹನ್ನೊಂದು ಬಸ್ಸುಗಳ ಮಾಲೀಕ ರಘುನಂದನ್ ಸಂಸಾರ ಸಮೇತ ಊಟಿಗೆ ಹೋಗಿ, ಅಲ್ಲಿಯ ದೊಡ್ಡ ಹೋಟೆಲಿನಲ್ಲಿ ಕರೆಂಟಿನ ಅಗ್ಗಿಷ್ಟಿಕೆ ನೋಡಿಕೊಂಡು ಬಂದಿದ್ದ. ಸೌದೆಯಿಲ್ಲ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಗಾಜಿನ ಹಿಂದೆ ಬೆಂಕಿ ನಲಿಯುತ್ತದೆ, ಕೋಣೆ ಬೆಚ್ಚಗಾಗುತ್ತದೆ. ಅವನ ಹತ್ತಿರ ನಾಗಮಂಗಲದ ಲೈನಿನಲ್ಲಿ ಓಡಿ ಓಡಿ ಸವೆದ ಹಳೇ ಬಸ್ಸೊಂದಿತ್ತು. ಅದರ ಸೀಟು ಕೀಳಿಸಿ, ಮಂಚ ಹಾಕಿಸಿ, ಹಿಂದುಗಡೆ ಗ್ಯಾಸ್ ಒಲೆ ಇಡಿಸಿ, ಊರೂರು ಸುತ್ತುವ ಮನೆ ಮಾಡಿಸುತ್ತಿದ್ದ. ಆ ಬಸ್ಸಿನ ಮನೆಗೆ ಅಗ್ಗಿಷ್ಟಿಕೆ ಬೇಕೆಂದ. ಅವನ ತೋಟವಿದ್ದ ಬೂಕನಕೆರೆಯ ಬಿಸಿಲಿಗೆ ಜನ ಮರದ ಕೆಳಗೆ ಮಲಗಿ ಬೆವರುವಾಗ ಇವನಿಗೆ ಬೆಂಕಿ ಬೇಕಾಯಿತಲ್ಲ ಎಂದು ಊರು ನಕ್ಕಿತು. ಇದ್ದವರು ಮಾಡಿದ್ದೇ ಶಾಸ್ತ್ರ, ನಗುವವರು ನಗಲಿ.

ವಾಹಿದ್ ನಗಲಿಲ್ಲ. ಮೂರು ದಿನ ಯೋಚಿಸಿ ಮಾಲೀಕನ ಮುಂದೆ ಹೋಗಿ ನಿಂತ. "ಬೆಂಕಿ ತೋರ್ಸೋದು ಬಸ್ಸಿನ ಬ್ಯಾಟ್ರಿಯಿಂದ ಆಯ್ತದೆ ಸಾರ್. ಆದ್ರೆ ಬಿಸಿಗೆ ಬ್ಯಾಟ್ರಿ ಸಾಲಾಕಿಲ್ಲ. ನಿಂತ ಊರ್ನಲ್ಲಿ ಮನೆ ಕರೆಂಟಿಗೆ ವೈರು ಚುಚ್ಕೋಬೇಕು."

"ಅದೇನ್ ಮಾಡ್ತೀಯೋ ಮಾಡು. ನಿಂಗೇನ್ ಬೇಕು ಕೇಳು."

"ಕೂಲಿ ನೀವ್ ಕೊಟ್ಟಷ್ಟು ಕೊಡಿ. ಅದ್ರ ಮ್ಯಾಲೆ ನನ್ನ ಎಸ್ರಿನ ಒಂದು ಪ್ಲೇಟು ಒಡ್ಕೋತೀನಿ, ಸಾರ್. ಸಣ್ಣದು."

ರಘುನಂದನ್ ಜೋರಾಗಿ ನಕ್ಕು, "ಎರಡು ಒಡ್ಕೋ ಹೋಗು," ಎಂದ.

ಆಮೇಲಿನ ನಲವತ್ತು ದಿನ ವಾಹಿದ್ ಮನುಷ್ಯನಾಗಿರಲಿಲ್ಲ. ಪಾಂಡವಪುರದ ಗುಜರಿ ಅಂಗಡಿಯಲ್ಲಿ ಹುಡುಕಿ ವೈಪರ್ ಮೋಟಾರು ತಂದ. ಅದಕ್ಕೊಂದು ಉರುಳೆ ಕಟ್ಟಿ, ಉರುಳೆಗೆ ಬೆಳ್ಳಿ ಕಾಗದದ ಚೂರು ಅಂಟಿಸಿ, ಮುಂದೆ ಕೆಂಪು ಹಳದಿ ಕಾಗದ, ಹಿಂದೆ ಹೆಡ್‌ಲೈಟಿನ ಬಲ್ಬು ಇಟ್ಟ. ಮೋಟಾರು ತಿರುಗಿದರೆ ಗಾಜಿನ ಹಿಂದೆ ಜ್ವಾಲೆ ಏಳುತ್ತಿತ್ತು, ಬೀಳುತ್ತಿತ್ತು. ಮೊದಲ ಸಲ ಅದು ಉರಿದಾಗ ಮರಿಸ್ವಾಮಿ ಕೂಡ ಕುಂಚ ಕೆಳಗಿಟ್ಟು ಬಂದು, ಗಾಜಿಗೆ ಅಂಗೈ ಒಡ್ಡಿ ನೋಡಿದ. ಕಾದು ಬಿಸಿ ಕೊಡುವ ಸುರುಳಿ ತಂತಿಯ ಕಾಯಿಲ್ಲನ್ನು ವಾಹಿದ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂರಿಸಿದ. ಮುಂದೆ ಇಟ್ಟರೆ ಮಕ್ಕಳ ಬಟ್ಟೆ ತಗುಲೀತು ಎಂಬ ಭಯ ಅವನಿಗೆ. ಹಾಗಾಗಿ ಬಿಸಿ ಹೊರಗೆ ಬರುವುದಕ್ಕೆ ನೆತ್ತಿಯ ಮೇಲೆ ಕಬ್ಬಿಣದ ಜಾಲರಿ. ನೋಡಿದವರಿಗೆ ಥೇಟ್ ಒಲೆಯ ಬಾಯಿ. ಎಲ್ಲಕ್ಕೂ ಮೊದಲು ಕೂದಲೆಳೆಯಂಥ ತಂತಿಯ ಫ್ಯೂಸು ಹಾಕಿದ. "ದಪ್ಪ ತಂತಿ ಆಕ್ಬುಡಣ್ಣ, ಪದೇ ಪದೇ ಓಗ್ತದೆ," ಎಂದು ಬಸ್ಸಿನ ಡ್ರೈವರು ಹೇಳಿದ. ವಾಹಿದ್ ಕೇಳಲಿಲ್ಲ.

ಹೆಸರಿನ ಪ್ಲೇಟನ್ನು ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿದ. ಮದುವೆಯ ತಟ್ಟೆ ಲೋಟಗಳಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುವ ಮಿಷನ್ನು ಅಂಗೈಯಗಲದ ಹಿತ್ತಾಳೆಯ ಮೇಲೆ ಟಕಟಕನೆ ಓಡಿತು. "ಅಬ್ದುಲ್ ವಾಹಿದ್, ಕೃಷ್ಣರಾಜಪೇಟೆ, 1996." ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಕೊಟ್ಟವಳು ಕಮರುನ್ನೀಸಾ.

ಕೆಲಸ ಮುಗಿಯುವ ವಾರ ರಘುನಂದನನ ತಾಯಿ ದ್ಯಾವಮ್ಮ ಬಸ್ಸು ನೋಡಲು ಬಂದಳು. ಎಪ್ಪತ್ತರ ಮುದುಕಿ, ಗಟ್ಟಿ ಜೀವ. ಪೆಟ್ಟಿಗೆಯನ್ನು ಸುತ್ತಿ ನೋಡಿ, ಜಾಲರಿಯ ಮೇಲೆ ಕೈಯಾಡಿಸಿ, "ಒಲೆ ಸಂದಾಕೈತೆ ಕಣಪ್ಪ. ಮನೆ ಅಂದ್ಮೇಲೆ ಆಲು ಉಕ್ಕುಸ್ಬೇಕಲ್ಲ, ಇದ್ರ ಮ್ಯಾಲೆ ಉಕ್ಕುಸ್ಬೋದಾ?" ಎಂದಳು.

ವಾಹಿದ್ ಹಿಡಿದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. "ಬ್ಯಾಡ ಕಣವ್ವ. ಒಂದ್ ತೊಟ್ಟು ನೀರೂ ಬೀಳ್ಬಾರ್ದು ಇದ್ರೊಳಿಕ್ಕೆ. ಇದು ನೋಡೋ ಬೆಂಕಿ, ಬೇಯ್ಸೋ ಬೆಂಕಿ ಅಲ್ಲ. ಆಲು ಉಕ್ಕುಸಾಕೆ ಇಂದ್ಗಡೆ ಗ್ಯಾಸ್ ಐತೆ."

"ಆಯ್ತು ಬುಡಪ್ಪ," ಎಂದಳು ದ್ಯಾವಮ್ಮ. ಬಸ್ಸಿನಲ್ಲಿ ಆಗ ಇದ್ದವರು ಅವರಿಬ್ಬರೇ.

ಶುಕ್ರವಾರ ಬೆಳಿಗ್ಗೆ ಬೂಕನಕೆರೆ ರಸ್ತೆಯ ತೋಟದ ಮನೆಯ ಮುಂದೆ ಬಸ್ಸಿಗೆ ಗೃಹಪ್ರವೇಶ. ಬಾಳೆಕಂದು, ಮಾವಿನ ತೋರಣ, ಹೋಮದ ಹೊಗೆ. ಒಗೆದ ಷರಟು ತೊಟ್ಟುಕೊಂಡು ಬಂದ ವಾಹಿದ್ ಬಸ್ಸಿನ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ರಘುನಂದನ್ ಬಾಗಿಲಲ್ಲೇ ತಡೆದ. "ವಸಿ ಆಚೆಗಿರು ವಾಹಿದ್. ಪೂಜೆ ಮುಗೀಲಿ." ನಲವತ್ತು ದಿನ ಆ ಬಸ್ಸಿನೊಳಗೆ ಬೆನ್ನ ಮೇಲೆ ಮಲಗಿ ಕೆಲಸ ಮಾಡಿದವನು, ಒಂದೊಂದು ಮೊಳೆಯ ಗುರುತು ಬಲ್ಲವನು, ಹುಣಸೆ ಮರದ ಕೆಳಗೆ ಹೋಗಿ ನಿಂತ. ಅವನಿಗೆ ಬೇಜಾರಾಯಿತು. ಆದರೆ ಹೆಸರು ಒಳಗಿದೆಯಲ್ಲ, ತಾನು ಹೊರಗಿದ್ದರೇನು ಎಂದು ಸಮಾಧಾನ ಮಾಡಿಕೊಂಡ.

ಒಳಗೆ ಪುರೋಹಿತರಿಗೆ ಬೇರೆಯೇ ತೊಂದರೆ ಎದುರಾಗಿತ್ತು. ಬಸ್ಸು ಪೂರ್ವಕ್ಕೆ ಮುಖ ಮಾಡಿ ನಿಂತಿದೆ, ಅಗ್ಗಿಷ್ಟಿಕೆ ಈಶಾನ್ಯಕ್ಕೆ ಬಂದಿದೆ. "ದೇವಮೂಲೆಯಲ್ಲಿ ಬೆಂಕಿಯೇ? ಅಗ್ನಿ ಆಗ್ನೇಯದಲ್ಲಿರಬೇಕು," ಎಂದರು. ಬೇರೆ ಮನೆಯಾಗಿದ್ದರೆ ಗೋಡೆ ಒಡೆಯಬೇಕಿತ್ತು. ಇದು ಬಸ್ಸು. ಡ್ರೈವರು ಹತ್ತಿದ, ತೋರಣ ಹರಿಯದ ಹಾಗೆ ಹಿಂದೆ ಮುಂದೆ ಮಾಡಿ ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿದ. ಅಗ್ನಿ ಆಗ್ನೇಯಕ್ಕೆ ಬಂತು, ಎಲ್ಲರಿಗೂ ನೆಮ್ಮದಿಯಾಯಿತು. ನಾಳೆ ಇದೇ ಬಸ್ಸು ಊಟಿಯ ತಿರುವುಗಳನ್ನು ಹತ್ತುವಾಗ ಅಗ್ನಿ ಯಾವ ಯಾವ ಮೂಲೆಗೆ ಓಡಾಡುತ್ತದೆ ಎಂದು ಕೇಳುವ ತಲೆ ಅಲ್ಲಿ ಒಂದೂ ಇರಲಿಲ್ಲ.

ಬಸ್ಸು ತಿರುಗಿದ್ದರಿಂದ ಮನೆಯ ಗೋಡೆಯಿಂದ ಎಳೆದಿದ್ದ ವೈರು ಸಾಲದಾಯಿತು. ಆಗ ವಾಹಿದ್ ನೆನಪಾದ. ಅವನು ಓಡಿಹೋಗಿ ಇನ್ನೊಂದು ತುಂಡು ಜೋಡಿಸಿದ. "ಕರೆಂಟ್ ಕೊಡೋ ವಾಹಿದ್!" ಎಂದು ಕಿಟಕಿಯಿಂದ ರಘುನಂದನ್ ಕೂಗಿದ. ಬೆಂಕಿಗೆ ಮಂಗಳಾರತಿ ಮಾಡುತ್ತಾರೆ ಅಂದುಕೊಂಡು ವಾಹಿದ್ ಸ್ವಿಚ್ಚು ಹಾಕಿದ. ಒಳಗೆ ಯಾರೋ ಪೆಟ್ಟಿಗೆಯ ಗುಂಡಿ ಒತ್ತಿದರು, ಕಿಟಕಿಯ ಗಾಜಿನಲ್ಲಿ ಕೆಂಪು ಬೆಳಕು ಕುಣಿಯಿತು. ಒಳಗಿದ್ದವರು "ಅಬ್ಬಾ!" ಎಂದದ್ದು ಮರದ ಕೆಳಗೆ ವಾಪಸ್ಸು ಬರುತ್ತಿದ್ದ ಅವನಿಗೆ ಕೇಳಿಸಿತು. ಸುಳ್ಳೇಕೆ, ಅವನ ಕಣ್ಣು ತುಂಬಿ ಬಂತು. ಅಷ್ಟು ಹೊತ್ತು ಅವನು ಸುಖವಾಗಿದ್ದ.

ಕಾಲು ಗಂಟೆಯ ಮೇಲೆ ಒಳಗಿನಿಂದ ಹೆಂಗಸರ ಕೂಗು ಕೇಳಿತು. "ಉಕ್ತು! ಉಕ್ತು!"

ಏನು ಉಕ್ಕಿತು ಎಂದು ಅರ್ಥವಾಗಲು ವಾಹಿದನಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಗೋಡೆಯ ಸ್ವಿಚ್ಚಿನ ಕಡೆಗೆ ಓಡಿದ. ಅವನು ಮುಟ್ಟುವ ಮೊದಲೇ ಒಳಗೆ ಪಟ್ಟೆಂದು ಸಿಡಿಯಿತು. ದ್ಯಾವಮ್ಮ ಜಾಲರಿಯ ಮೇಲೆ ಇಟ್ಟಿದ್ದ ಪಾತ್ರೆಯಿಂದ ಕುದಿವ ಹಾಲು ಕಾಯಿಲ್ಲಿನ ಮೇಲೆ ಇಳಿದಿತ್ತು. ಕಿಡಿ ಹಾರಿ ಪರದೆಗೆ ಹತ್ತಿತು. ದ್ಯಾವಮ್ಮನ ಕೈಯನ್ನು ಕರೆಂಟು ಜಾಡಿಸಿ ಒಗೆಯಿತು, ಹಾಲಿನ ಪಾತ್ರೆ ಅವಳ ಮುಂಗೈ ಮೇಲೇ ಉರುಳಿತು. ಯಾರೋ ಕಲಶದ ನೀರು ಎರಚಿದರು. ಅಷ್ಟರಲ್ಲಿ ಫ್ಯೂಸು ಸುಟ್ಟುಹೋಗಿ ಕರೆಂಟು ನಿಂತಿತ್ತು. ಅವನು ಹಟ ಹಿಡಿದು ಹಾಕಿದ್ದ ಆ ಕೂದಲೆಳೆಯ ತಂತಿ ಸುಡದೆ ಇದ್ದಿದ್ದರೆ ಮುದುಕಿಯ ಹೆಣ ಅಂದೇ ಬಸ್ಸಿನಿಂದ ಇಳಿಯುತ್ತಿತ್ತು. ಆದರೆ ಫ್ಯೂಸು ಪೆಟ್ಟಿಗೆಯ ಒಳಗಿತ್ತು. ಪೆಟ್ಟಿಗೆಯ ಮೇಲೆ ಇದ್ದದ್ದು ಹೆಸರು.

ಆ ಹೆಸರನ್ನು ರಘುನಂದನ್ ಬಸ್ಸಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ. "ಅಬ್ದುಲ್ ವಾಹಿದ್, ಕೃಷ್ಣರಾಜಪೇಟೆ! ನಮ್ಮವ್ವನ್ನ ಸಾಯ್ಸಾಕೆ ಎಸ್ರು ಬೇರೆ ಆಕ್ಕೊಂಡಿದ್ದೀಯಲ್ಲೋ!"

"ಮನೆಗೆ ಒಲೆ ಊಡ್ಸಾಕೆ ನಿಂಗೆ ಬ್ಯಾರೆ ಯಾರೂ ಸಿಗ್ನಿಲ್ವೇನ್ಲಾ ರಘು?" ಎಂದ ಅವನ ಸೋದರಮಾವ. ಆ ಮಾತಿಗೆ ಯಾರೂ ಅವನನ್ನು ಗದರಲಿಲ್ಲ.

ವಾಹಿದ್ ಕೈಮುಗಿದ. "ಅವ್ವಂಗೆ ಮೊದ್ಲೇ ಏಳಿದ್ದೆ ಸಾರ್. ಒಂದ್ ತೊಟ್ಟು ನೀರೂ ಬೀಳ್ಬಾರ್ದು ಅಂತ. ಅಲ್ಲಾ ಕಸಮ್. ನೀವೇ ಕೇಳಿ."

ಎಲ್ಲರೂ ದ್ಯಾವಮ್ಮನ ಕಡೆ ತಿರುಗಿದರು. ಕೈಗೆ ಬೆಣ್ಣೆ ಸವರಿಸಿಕೊಂಡು ಜಗಲಿಯ ಮೇಲೆ ಕೂತಿದ್ದ ಮುದುಕಿ ಮೊದಲು ಸೊಸೆಯ ಮುಖ ನೋಡಿದಳು. ಆಮೇಲೆ ಪುರೋಹಿತರ ಮುಖ ನೋಡಿದಳು. ವಾಹಿದನ ಮುಖ ನೋಡಲಿಲ್ಲ.

"ನಂಗೇನ್ ಗೊತ್ತಪ್ಪ ಕರೆಂಟಿನ ಇಚಾರ," ಎಂದಳು. "ನಂಗ್ಯಾರೂ ಏನೂ ಏಳ್ನಿಲ್ಲ."

ಮುಗಿಯಿತು. ವಾಹಿದ್ ಸೈಕಲ್ಲು ಹತ್ತದೆ, ತಳ್ಳಿಕೊಂಡೇ ಪೇಟೆಯವರೆಗೆ ನಡೆದ.

ಹೆಸರು ಬೇಕೆಂದಿದ್ದ, ಹೆಸರಾಯಿತು. ಹೊಸಹೊಳಲಿನಿಂದ ನಾಗಮಂಗಲದವರೆಗೆ ಲಾರಿ ನಿಲ್ಲುವ ಚಾ ಅಂಗಡಿಗಳಲ್ಲೆಲ್ಲ ಅವನದೇ ಮಾತು. "ವಾಹಿದನ ವೈರಿಂಗಾ? ಜೋಪಾನ, ಆಲು ಉಕ್ಕಿಬುಟ್ಟಾತು," ಎಂದು ನಗಾಡಿದರು. ರಘುನಂದನನ ಹನ್ನೊಂದು ಬಸ್ಸುಗಳೂ ಬೇರೆ ಕಡೆ ಹೋದವು, ಅವುಗಳ ಹಿಂದೆಯೇ ಲಾರಿಗಳು ಹೋದವು. ಇಪ್ಪತ್ತೆಂಟು ವರ್ಷ ಅವನು ಕೂರಿಸಿದ ದೀಪಗಳು ರಾತ್ರಿಯೆಲ್ಲ ರಸ್ತೆಯ ಮೇಲೆ ಉರಿದುಕೊಂಡು ಓಡುತ್ತಿದ್ದವು. ಅವುಗಳ ಲೆಕ್ಕ ಯಾರೂ ಹೇಳಲಿಲ್ಲ. ಮರಿಸ್ವಾಮಿ ಮಾತ್ರ ರೇಗಿಸುವುದನ್ನು ಬಿಟ್ಟ. ವಾಹಿದನಿಗೆ ಅದು ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದ್ಯಾವಮ್ಮ ಒಬ್ಬಳೇ ಅಂಗಡಿಗೆ ಬಂದಳು. ಬಲಗೈ ಮುಂಗೈಯ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಊಟದ ಬುತ್ತಿ ತಂದಿದ್ದ ಕಮರುನ್ನೀಸಾ ಸ್ಟೂಲು ಸರಿಸಿ ಕೊಟ್ಟಳು. ಮುದುಕಿ ಸೆರಗಿನ ಗಂಟು ಬಿಚ್ಚಿ ಹಿತ್ತಾಳೆಯ ಪ್ಲೇಟು ತೆಗೆದಳು.

"ಆ ಪೆಟ್ಗೆ ಕಿತ್ತು ಗುಜರಿಗೆ ಆಕುದ್ರು ಕಣಪ್ಪ. ಇದೊಂದ್ನ ನಾನು ಬಿಚ್ಚುಸ್ಕೊಂಡೆ. ನಿನ್ನೆಸ್ರು ನಿನ್ ತಾವೇ ಇರ್ಲಿ ಅಂತ." ಆಮೇಲೆ ದನಿ ತಗ್ಗಿಸಿದಳು. "ನೀನು ಏಳಿದ್ದೆ. ನಂಗೆ ಮರ್ತಿಲ್ಲ. ಒಲೆ ಅಂದ್ಮೇಲೆ ಒಲೆಯಲ್ವಾ, ಏನಾಯ್ತದೆ ಬುಡು ಅಂದ್ಕೊಂಡ್ಬುಟ್ಟೆ."

ವಾಹಿದ್ ಪ್ಲೇಟನ್ನು ಮೇಜಿನ ಮೇಲಿಟ್ಟು ಅವಳ ಹತ್ತಿರ ಬಂದ. "ಅಷ್ಟ್ ಸಾಕವ್ವ. ಈ ಮಾತ್ನ ನಿನ್ ಮಗನ್ ಮುಂದೆ ಒಂದ್ಸಲ ಏಳ್ಬುಡು. ನಂಗಿನ್ನೇನೂ ಬ್ಯಾಡ."

ದ್ಯಾವಮ್ಮ ತನ್ನ ಸುಟ್ಟ ಕೈಯನ್ನು ನೋಡಿಕೊಂಡಳು. "ಎಂಗೇಳ್ಲಪ್ಪ? ವಸ ಮನೇಲಿ ಆಲು ಕೆಡ್ಸಿ ಬೆಂಕಿ ಆಕ್ದೋಳು ನಾನೇ ಅಂತ ಸೊಸೆ ಮುಂದೆ ಎಂಗೇಳ್ಲಿ? ನಾನಿನ್ನೂ ಆ ಮನೇಲಿ ಉಣ್ಬೇಕು." ಎದ್ದು ನಿಂತಳು. "ನಿಂಗೆ ಬುಡು, ಕೈಯಾಗೆ ಕಸುಬೈತೆ."

ಅವಳು ಕೆಟ್ಟವಳಲ್ಲ. ಒಳ್ಳೆಯ ಕೆಲಸ ಮಾಡಿ ಹೋದೆ ಎಂಬ ಹಗುರ ಅವಳ ನಡಿಗೆಯಲ್ಲಿತ್ತು. ಮಗ ಬೈದದ್ದನ್ನು ವಾಹಿದ್ ಹೇಗೋ ನುಂಗಿದ್ದ. ತಾಯಿಯ ಈ ದಯೆಯನ್ನು ನುಂಗಲಾಗಲಿಲ್ಲ.

"ಬಿಸಾಡ್ಬಿಡಿ ಜೀ," ಎಂದಳು ಕಮರುನ್ನೀಸಾ. ಹುಣಸೆಹಣ್ಣು ಹಾಕಿ ಉಜ್ಜಿದವಳು ಅವಳೇ.

ವಾಹಿದ್ ಬಿಸಾಡಲಿಲ್ಲ. ಅಂಗಡಿಯ ಮೇಜಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ, ಕೆಲಸಕ್ಕೆ ಕೂತರೆ ಕಡಕಡ ಅಲ್ಲಾಡುತ್ತಿತ್ತು. ಮೇಜನ್ನು ಎತ್ತಿ, ಪ್ಲೇಟನ್ನು ಆ ಕಾಲಿನ ಕೆಳಗೆ ಹೆಸರು ನೆಲಕ್ಕೆ ಮುಖ ಮಾಡುವ ಹಾಗೆ ಇಟ್ಟ. ಅಳತೆ ಸರಿಯಾಗಿತ್ತು. ಮೇಜು ಆಮೇಲೆ ಅಲ್ಲಾಡಲಿಲ್ಲ.