ಮಲ್ಲನಿಗೆ ಇಟ್ಟ ಮದುವೆಯ ಅನ್ನ

ಅಂಬಿಕಾ, ಶರಣು, ಮೊನ್ನೆ ಸಿಂಧನೂರಿನ ಮದುವೆಯಲ್ಲಿ ನಾನು ಕೂಗಿದ್ದು ಕೇಳಿ ನೀವಿಬ್ಬರೂ ಗಾಬರಿಯಾದಿರಿ. ನನಗೂ ಗಾಬರಿಯೇ ಆಯಿತು. ಊಟದ ಸಾಲಿನಲ್ಲಿ ಉಪ್ಪು ಬೇಕಾದರೂ ಕೇಳದೆ ಸಪ್ಪಗೆ ಉಂಡು ಏಳುವವಳು ನಾನು. ಕೈ ತೊಳೆಯಲು ಮಂಟಪದ ಹಿಂದೆ ಹೋದಾಗ ಉಳಿದ ಅನ್ನವನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಸುರಿಯುತ್ತಿದ್ದರು. ಬಿಸಿಲಿಗೆ ಅದರ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತಿದ್ದ ಒಬ್ಬರು, "ಚೆಲ್ಲೂದು ಯಾಕ? ಮನ್ಯಾಗ ದನ ಅದಾವ, ಒಯ್ದು ಹಾಕ್ತೀನಿ" ಎಂದರು. "ಬ್ಯಾಡ್ರೀ! ದನಕ್ಕ ಹಾಕಬ್ಯಾಡ್ರೀ!" ಎಂದುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನಾನು ಸೆರಗು ಬಾಯಿಗೆ ಹಿಡಿದವಳು ಬಸ್ಸಿನಲ್ಲಿ ಕೂತ ಮೇಲೂ ತೆಗೆಯಲಿಲ್ಲ. ಬಾಯಿಂದ ಹೇಳಲು ಬಾರದ್ದನ್ನು ಬರೆದರೆ ಹೇಳಬಹುದೇನೋ ಎಂದು ಈಗ ಕೂತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳ ಬರಹ ಇದು. ಒತ್ತಕ್ಷರ ತಪ್ಪಿದ್ದರೆ ನಗಬೇಡಿ. ನಕ್ಕರೂ ನನ್ನ ಮುಂದೆ ನಗಬೇಡಿ.

ನಾನು ಹುಟ್ಟಿದ್ದು ಮಸ್ಕಿಯ ಕಡೆ, ಮಳೆಯನ್ನೇ ನಂಬಿದ ಹಳ್ಳಿಯಲ್ಲಿ. ಅಲ್ಲಿ ಊಟ ಅಂದರೆ ಜೋಳದ ರೊಟ್ಟಿ. ಅನ್ನ ಕಾಣಬೇಕಾದರೆ ಹಬ್ಬ ಬರಬೇಕು, ಇಲ್ಲವೇ ಜ್ವರ ಬರಬೇಕು. ರೊಟ್ಟಿ ಸುಮ್ಮನೆ ಕೆಡುವಂಥದ್ದಲ್ಲ. ಬಿಸಿ ಇದ್ದಾಗ ಒಂದು ರುಚಿ, ಒಣಗಿ ಕಟಕಟ ಅಂದಾಗ ಒಂದು ರುಚಿ, ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿದರೆ ಇನ್ನೊಂದೇ ರುಚಿ. ಕಡೆಗೆ ಉಳಿದ ಪುಡಿ ಎತ್ತಿನ ಬಾಯಿಗೆ. ಜೋಳದ ದಂಟನ್ನೂ ಎತ್ತೇ ತಿನ್ನುತ್ತಿತ್ತು, ಅದರ ಸಗಣಿ ಕುಳ್ಳಾಗುತ್ತಿತ್ತು, ಆ ಕುಳ್ಳಿನ ಉರಿಯಲ್ಲಿ ಮತ್ತೆ ರೊಟ್ಟಿ ಬೇಯುತ್ತಿತ್ತು. ಒಲೆಗಾಗಿ ನಾವು ಅಂಗಡಿಯಿಂದ ತರುತ್ತಿದ್ದದ್ದು ಕಡ್ಡಿಪೆಟ್ಟಿಗೆ ಒಂದೇ.

ಎಂಬತ್ತರ ದಶಕದ ಮೊದಲಲ್ಲಿ ತುರ್ವಿಹಾಳಕ್ಕೆ ಸೊಸೆಯಾಗಿ ಬಂದೆ. ಕಾಲುವೆ ನೀರಿನ ಊರು. ನೆಲ್ಲಿನ, ಅಂದರೆ ಭತ್ತದ, ಗದ್ದೆಯನ್ನು ಮೊದಲ ಸಲ ಕಂಡಾಗ, ಯಾರೋ ಹೊಲಕ್ಕೆ ನೀರು ಬಿಟ್ಟು ಕಟ್ಟುವುದನ್ನು ಮರೆತಿದ್ದಾರೆ ಎಂದುಕೊಂಡು ಓಡಿ ಬಂದು ನಿಮ್ಮ ತಾತನಿಗೆ ಹೇಳಿದ್ದೆ. ಆ ಪುಣ್ಯಾತ್ಮ ಸಾಯುವತನಕ ಮನೆಗೆ ಬಂದವರಿಗೆಲ್ಲ ಅದನ್ನು ಹೇಳಿ ನಗಿಸಿದರು.

ನಮ್ಮತ್ತೆ, ಅಂದರೆ ನಿಮ್ಮ ತಾತನ ಅವ್ವ, ಅಗಳು ಚೆಲ್ಲುವವರನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ. ಗಂಗಾಳದಲ್ಲಿ ಬಿಟ್ಟು ಎದ್ದವರನ್ನು, "ಏ ಯಪ್ಪಾ, ಕುಂದ್ರು. ಇದನ್ನ ಯಾರಿಗಿ ಬಿಟ್ಟಿ, ನಿಮ್ಮ ಮಾವಗೇನು?" ಎಂದು ತಿರುಗಿ ಕೂಡಿಸುತ್ತಿದ್ದರು. ಬೀಗರಾದರೂ ಬಿಡುತ್ತಿರಲಿಲ್ಲ.

ನನ್ನ ನಾದಿನಿಯ ಮದುವೆ ಬೇಸಿಗೆಯಲ್ಲಿ ನಡೆಯಿತು. ಗಂಡಿನವರು ಲಿಂಗಸುಗೂರಿನವರು. ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲದೆ, ಬರೀ ಹುಗ್ಗಿ, ಅನ್ನ, ಸಾರಿನ ಮೇಲೆ ಆದ ಮೊದಲ ಮದುವೆ ಅದು. ಹಿಂದೆಲ್ಲ ಓಣಿಯ ಹೆಂಗಸರು ಕೂಡಿ ದಿನಗಟ್ಟಲೆ ಮುಂಚೆಯೇ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದರು. ಬೇಕಾದದ್ದಕ್ಕಿಂತ ಹೆಚ್ಚೇ ಬಡಿಯುತ್ತಿದ್ದರು. ಉಳಿದರೆ ಆಮೇಲೆ ತಿಂದರಾಯಿತು. ಆ ರೊಟ್ಟಿಯ ಲೆಕ್ಕದಲ್ಲೇ ಅನ್ನವನ್ನೂ ಮಾಡಿದರು. ನಸುಕಿನಲ್ಲೇ ಕೊಪ್ಪರಿಗೆ ಏರಿಸಿ, ಇಡೀ ಮದುವೆಯ ಅನ್ನವನ್ನು ಒಂದೇ ಸಲ ಬೇಯಿಸಿ, ಚಾಪೆಯ ಮೇಲೆ ರಾಶಿ ಹಾಕಿ ಧೋತರ ಮುಚ್ಚಿದರು. ನೆಲ್ಲು ಬೆಳೆಯುವುದನ್ನು ಕಲಿತಿದ್ದೆವು, ಅನ್ನ ಎಷ್ಟು ಹೊತ್ತು ತಡೆದೀತು ಎಂಬುದು ಇನ್ನೂ ಕೈಗೆ ಹತ್ತಿರಲಿಲ್ಲ. ಅವತ್ತೇ ಗಂಡಿನವರ ಒಂದು ಲಾರಿ ಕೆಟ್ಟು ದಾರಿಯಲ್ಲೇ ನಿಂತಿತು, ಅದರಲ್ಲಿದ್ದವರು ಊಟಕ್ಕೆ ಬಂದು ಮುಟ್ಟಲಿಲ್ಲ. ಓಣಿಗೆಲ್ಲ ಹಂಚಿದರೂ ರಾಶಿ ಕರಗಲಿಲ್ಲ.

ಮರುದಿನ ಬೆಳಿಗ್ಗೆ ಧೋತರ ತೆಗೆದರೆ ಅನ್ನ ಲೋಳೆ ಬಿಟ್ಟಿತ್ತು. ನಿಮ್ಮ ತಾತ, "ಕಾಲುವಿಗಿ ಹಾಕಿ ಬರ್ತೀನಿ" ಎಂದು ಬುಟ್ಟಿ ಎತ್ತಿದರು.

"ಕಾಲುವಿಗೇನ್ಲೇ? ಉಣ್ಣೂ ಅನ್ನ ಅದು!" ಅತ್ತೆ ಬುಟ್ಟಿ ಕಸಿದುಕೊಂಡರು. "ಮಲ್ಲಗ ಹಾಕ್ತೀನಿ. ಮದುವಿ ನೀರೆಲ್ಲಾ ಅವನಽ ಎಳದಾನ, ಅವನೂ ಉಣ್ಣಲಿ."

ಮಲ್ಲ ನಮ್ಮ ಬಲಗಡೆಯ ಎತ್ತು. ಅತ್ತೆಯ ಕೈಯಲ್ಲೇ ಕರುವಾಗಿ ಬೆಳೆದವನು. ಅನ್ನದ ಮೇಲೆ ಬೆಲ್ಲ ಬೇರೆ ಪುಡಿ ಮಾಡಿ ಉದುರಿಸಿ, ಬುಟ್ಟಿ ಮೇಲೆ ಬುಟ್ಟಿ ಇಟ್ಟರು. ಮಲ್ಲ ಗೋದಲಿಯ ತಳವನ್ನೂ ನೆಕ್ಕಿದ.

ಮಧ್ಯಾಹ್ನದ ಹೊತ್ತಿಗೆ ಅವನ ಎಡಗಡೆ ಹೊಟ್ಟೆ ನಗಾರಿಯ ಹಾಗೆ ಬಿಗಿದುಕೊಂಡಿತು. ಮೆಲುಕು ನಿಂತಿತ್ತು. ನಾಲಿಗೆ ಹೊರಗೆ ಹಾಕಿ ಉಸಿರಿಗೆ ಒದ್ದಾಡುತ್ತಿದ್ದ.

"ಯವ್ವಾ, ಎಷ್ಟು ಹಾಕಿದೆ ಬೇ?" ನಿಮ್ಮ ತಾತ ಓಡಿ ಬಂದು ಕೇಳಿದರು.

"ಅನ್ನ ಹಾಕೀನಲ್ಲೋ ಯಪ್ಪಾ," ಎಂದರು ಅತ್ತೆ. "ನಾನೇನು ವಿಷ ಹಾಕೀನೇನು?"

ಸಿಂಧನೂರಿನಿಂದ ದನದ ಡಾಕ್ಟರು ಬಂದರು. ಸೋಡಾ ಕಲಸಿದ ನೀರು ಕುಡಿಸಿದರು, ಸೂಜಿ ಚುಚ್ಚಿದರು, ಹೊಟ್ಟೆ ತಿಕ್ಕಿಸಿದರು. "ಅವ್ವಾ, ಅನ್ನ ಒಳಗ ಹೋಗಿ ಹುಳಿ ಎದ್ದೈತಿ. ಮೆಲುಕು ಹಾಕಿದ್ರ ಉಳದಂಗ, ಇಲ್ಲಂದ್ರ ನನ್ನ ಕೈಯಾಗ ಇಲ್ಲ" ಎಂದು ಹೇಳಿ ಹೋದರು.

ಅವತ್ತೇ ಮದುಮಗಳನ್ನು ಕಳಿಸಬೇಕು. ಲಾರಿ ಹಾರನ್ನು ಹಾಕುತ್ತಿದೆ, ಬೀಗರು ಮುಖ ಗಂಟಿಕ್ಕಿದ್ದಾರೆ, ಅತ್ತೆ ಮಾತ್ರ ಮಲ್ಲನ ಕೊರಳು ಹಿಡಿದು ಕೂತವರು ಏಳಲಿಲ್ಲ. ಕಡೆಗೆ ನಾದಿನಿಯೇ ತಲೆಗೆ ಹೂವಿನ ದಂಡೆ ಕಟ್ಟಿಕೊಂಡು, ರೇಷ್ಮೆ ಸೀರೆಯಲ್ಲಿ ದನದ ಕೊಟ್ಟಿಗೆಗೆ ಬಂದು, ಸಗಣಿಯಲ್ಲೇ ಮಂಡಿಯೂರಿ ಅವ್ವನ ಕಾಲಿಗೆ ಬಿದ್ದಳು. "ಹೋಗಿ ಬಾ ನನ್ನವ್ವಾ. ಇವನ್ನ ಬಿಟ್ಟು ಹ್ಯಾಂಗ ಏಳಲಿ?" ಎಂದು ಅತ್ತೆ ಅತ್ತರು. ಹೊತ್ತು ಮುಳುಗುವಾಗ ಮಲ್ಲ ದೊಡ್ಡದಾಗಿ ತೇಗಿದ. ಆಮೇಲೆ ಮೆಲ್ಲಗೆ ದವಡೆ ಆಡಿಸಿದ. "ಬಾಯಿ ಆಡಿಸಾಕತ್ಯಾನ ಬೇ! ನೋಡ ಬಾ, ಆಡಿಸಾಕತ್ಯಾನ!" ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. ಆ ರಾತ್ರಿಯ ಊಟ ಯಾರಿಗೂ ನೆನಪಾಗಲಿಲ್ಲ.

ಮಲ್ಲ ಉಳಿದ. ಆದರೆ ಕಸುವು ತಿರುಗಿ ಬರಲಿಲ್ಲ. ಆ ವರ್ಷ ನಮ್ಮ ಹೊಲಕ್ಕೆ ಮೊದಲ ಸಲ ಬಾಡಿಗೆ ಟ್ರ್ಯಾಕ್ಟರು ಬಂತು. ನಾನು ಬುತ್ತಿ ಒಯ್ಯುವುದರೊಳಗೆ ಕೆಲಸ ಮುಗಿಸಿ ಹೋಗಿಯೂ ಬಿಟ್ಟಿತ್ತು. ಮಲ್ಲನ ಜೋಡಿಯ ಎತ್ತನ್ನು ಮಾರಿದೆವು. ಮಲ್ಲನನ್ನೂ ಸಂತೆಗೆ ಹೊಡೆಯುವ ಮಾತು ಬಂದಾಗ ಅತ್ತೆ, "ನನ್ನ ಕೈಲೆ ಉಂಡು ಕೆಟ್ಟಾನ. ಮಾರೂದಿದ್ರ ನನಗೂ ಒಂದು ಹಗ್ಗ ಕಟ್ಟು" ಎಂದರು. ಅವನು ನಮ್ಮ ಕೊಟ್ಟಿಗೆಯಲ್ಲೇ ಮುದುಕನಾಗಿ ಸತ್ತ. ಅವನ ಹಿಂದೆ ಕುಳ್ಳು ಹೋಯಿತು. ತೊಂಬತ್ತರ ದಶಕದಲ್ಲಿ ಗ್ಯಾಸಿನ ಒಲೆ ಬಂತು. ಹೊಗೆ ತಪ್ಪಿತೆಂದು ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ?

ಮಲ್ಲ ಉಳಿದ ಮೇಲೆ ಅತ್ತೆ ಊರಲ್ಲಿ ಎಲ್ಲೇ ಮದುವೆಯಾದರೂ ಕರೆಯದಿದ್ದರೂ ಹೋಗಿ ಒಲೆಯ ಮುಂದೆ ಕೂಡುತ್ತಿದ್ದರು. ಅಡಿಗೆಯವರಿಗೆ ಅರ್ಧ ಅಕ್ಕಿ ಮಾತ್ರ ಹಾಕಲು ಬಿಡುತ್ತಿದ್ದರು. ಮೊದಲ ಪಂಕ್ತಿ ಎದ್ದು, ಉಳಿದ ಜನರನ್ನು ಕಣ್ಣಾರೆ ಕಂಡ ಮೇಲೇ ಎರಡನೆಯ ಕೊಪ್ಪರಿಗೆ. "ಮುದುಕಿ ಬಂತು, ಅಕ್ಕಿ ಮುಚ್ಚಿಡ್ರಿ" ಎಂದು ಅಡಿಗೆಯವರು ಚೇಷ್ಟೆ ಮಾಡುತ್ತಿದ್ದರು. "ಹಸೀ ಅಕ್ಕಿ ನಾಳಿಗೂ ಇರತೈತಿ, ಬೆಂದದ್ದು ಇರತೈತೇನ್ಲೇ?" ಎಂದು ಇವರು ಕದಲದೆ ಕೂಡುತ್ತಿದ್ದರು. ಜನ ಒಂದಿಷ್ಟು ಕಾಯಬೇಕಾಗುತ್ತಿತ್ತು, ಗೊಣಗುತ್ತಿದ್ದರು. ಯಾರೂ ಹಸಿದು ಹೋದದ್ದನ್ನು ಮಾತ್ರ ನಾನು ಕಾಣೆ.

ಅಂಬಿಕಾ, ಒಂದು ತಟ್ಟೆ ಊಟದ ಹಿಂದೆ ಎಷ್ಟು ಡೀಸೆಲ್ಲು, ಎಷ್ಟು ಕರೆಂಟು ಸುಡುತ್ತದೆ ಎಂದು ನೀನು ಪಾಠ ಓದುತ್ತಿದ್ದಾಗ ನಾನು ಪಲ್ಯದ ಸೊಪ್ಪು ಸೋಸುತ್ತಾ ಕೇಳುತ್ತಿದ್ದೆ. ಆ ಲೆಕ್ಕ ನನಗೆ ಬರುವುದಿಲ್ಲ. ಆದರೆ ಉಳುವ ಟ್ರ್ಯಾಕ್ಟರು, ಚೀಲಗಟ್ಟಲೆ ಗೊಬ್ಬರ, ನೀರೆತ್ತುವ ಮೋಟಾರು, ಕೊಯ್ಯುವ ಯಂತ್ರ, ಹಗಲೂ ರಾತ್ರಿ ಗುಂಯ್ಗುಡುವ ರೈಸ್ ಮಿಲ್ಲು, ಕಡೆಗೆ ಗ್ಯಾಸಿನ ಉರಿ, ಇವನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಇಷ್ಟೆಲ್ಲ ಸುಟ್ಟು ಬಂದ ಅನ್ನ, ಎತ್ತಿಗೂ ಆಗದೆ ಹುಳಿಯುತ್ತದೆ.

ಬರುವ ತಿಂಗಳು ನಮ್ಮ ಹೊಸ ಮನೆಯ ಗೃಹಪ್ರವೇಶ. ನಿಮ್ಮಪ್ಪ ಆಗಲೇ ಅಡಿಗೆಯವರಿಗೆ, "ಕಮ್ಮಿ ಬೀಳಬಾರದು ನೋಡ್ರಿ" ಎಂದು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡೆ. ಆ ದಿನ ನಾನು ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂಡುವುದಿಲ್ಲ, ಹಿತ್ತಲಲ್ಲಿ ಒಲೆಯ ಮುಂದೆ ಕೂಡುತ್ತೇನೆ. ಅರ್ಧ ಅಕ್ಕಿ ಮೊದಲು, ಇನ್ನರ್ಧ ಜನ ನೋಡಿ ಆಮೇಲೆ ಎಂದು ಹೇಳಬೇಕು. ಗುರುತಿಲ್ಲದ ಅಡಿಗೆಯವರ ಮುಂದೆ ನನ್ನ ದನಿ ಹೊರಡದಿದ್ದರೆ ನೀವಿಬ್ಬರಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ಹೇಳಿ. ನಾನಿಲ್ಲದ ಕಾಲಕ್ಕೆ ನಿಮ್ಮ ಮದುವೆಗಳೂ ಆಗುತ್ತವೆ. ಆಗ ಇದನ್ನು ಹೇಳುವವರು ಯಾರೂ ಇರಲಿಕ್ಕಿಲ್ಲ; ಅದಕ್ಕೇ ಈ ಹಾಳೆಗಳನ್ನು ಇಲಿ ಕಡಿಯದ ಹಾಗೆ ಟ್ರಂಕಿನಲ್ಲಿಟ್ಟು ಕಾಪಾಡಿರಿ.