ಕೆರೆಯ ಮೇಲೆ ಎಳೆದ ಗೆರೆ

ಮಂಡಿಕಲ್ ಕಡೆಯ ಒಂದು ಕೆರೆಯಲ್ಲಿ ಕಾಲೇಜು ಹುಡುಗಿಯರ ದೋಣಿ ಸ್ಪರ್ಧೆಯಿತ್ತು. ದೋಣಿಗಳು ಅಡ್ಡಾದಿಡ್ಡಿ ಹೋಗದಂತೆ ನೀರಿನ ಮೇಲೆ ದಾರಿ ಗುರುತಿಸುವುದು ನನ್ನ ಕೆಲಸ. ಹಿಂದಿನ ಸಂಜೆ ಹಗ್ಗಗಳಿಗೆ ಬಿಳಿ ಪ್ಲಾಸ್ಟಿಕ್ ಕ್ಯಾನು ಕಟ್ಟಿ, ಜರುಗದಿರಲೆಂದು ಕೆಳಗೆ ಕಲ್ಲು ಕಟ್ಟಿ, ಎರಡು ಸಾಲು ತೇಲಿಬಿಟ್ಟಿದ್ದೆ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಸಾಲು! ನನಗೆ ತಲೆಯೇ ಓಡಲಿಲ್ಲ.

ಉಳಿದೆರಡು ಮೀನು ಹಿಡಿಯುವ ನರಸಮ್ಮನವರ ಬಲೆಗಳು; ತೇಲಲೆಂದು ಅವಕ್ಕೂ ಅಂಥದೇ ಕ್ಯಾನು ಕಟ್ಟಿದ್ದರು. ಅವರು ಅಲ್ಲೇ ತೆಪ್ಪದಲ್ಲಿದ್ದರು.

“ನಮ್ಮ ಬಲೆ ಪಕ್ಕ ಬಲೆ ಹಾಕಿರೋದು ನೀವೇನಾ, ಸಾರ್?”

“ಅದು ಬಲೆಯಲ್ಲಮ್ಮ, ದೋಣಿಗೆ ದಾರಿ. ನಿಮ್ಮದನ್ನ ಸ್ವಲ್ಪ ಎತ್ಕೊಳ್ಳಿ. ಈ ಕೊನೇದು ನಿಮ್ಮದೇ ಅಲ್ವಾ?”

“ಅದು ನಮ್ದಲ್ಲ.”

“ನಿಮ್ಮದೇ ಅಮ್ಮ. ನಾನು ಕಟ್ಟಿದ್ದು ಆ ಕಡೆ.”

ಅವರು ತೆಪ್ಪದಿಂದ ಬಗ್ಗಿ ಆ ಹಗ್ಗ ಎಳೆದರು. ನಾನು ಕಟ್ಟಿದ್ದ ಕಲ್ಲುಗಳೇ ಮೇಲೆ ಬಂದವು. ಗಾಳಿಗೆ ನನ್ನ ಸಾಲೇ ಜರುಗಿತ್ತು.

ಬಿಸಿಲೇರಿ ಗಾಳಿ ಜೋರಾದರೆ ಸ್ಪರ್ಧೆ ನಿಂತಂತೆಯೇ. ಹುಡುಗಿಯರು ದೋಣಿ ಹೊತ್ತು ದಡದಲ್ಲಿ ಕಾಯುತ್ತಿದ್ದರು. “ಏನು ಮಾಡೋದಮ್ಮ ಈಗ?” ಎಂದೆ. ನರಸಮ್ಮ ತಮ್ಮ ಬಲೆಗಳನ್ನು ತೆಪ್ಪಕ್ಕೆ ಎಳೆದುಕೊಂಡರು. ಎದುರು ದಡದ ಹುಣಸೆಮರದ ಮೇಲೆ ಕಣ್ಣಿಟ್ಟು ಹುಟ್ಟು ಹಾಕುತ್ತಾ, ನನ್ನ ಹಗ್ಗವನ್ನು ನೆಟ್ಟಗೆ ಬಿಟ್ಟು ಬಂದರು. ಅಳತೆಪಟ್ಟಿ ನನ್ನ ಜೇಬಿನಲ್ಲೇ ಉಳಿಯಿತು.

ಸ್ಪರ್ಧೆ ಶುರುವಾಯಿತು. ಹುಡುಗಿಯರು ಗುರಿಗೆ ಬೆನ್ನು ಹಾಕಿ ಕೂತು ಹುಟ್ಟು ಎಳೆಯುವುದನ್ನು ನರಸಮ್ಮ ಬಹಳ ಹೊತ್ತು ನೋಡಿದರು.

“ಎತ್ತ ಹೋಗ್ತಿದ್ದೀವಿ ಅಂತ ಇವ್ರಿಗೂ ಗೊತ್ತಿಲ್ಲ, ಬಿಡಿ ಸಾರ್,” ಎಂದರು.

ವಿವರಿಸಲು ಬಾಯಿ ತೆರೆದವನು ಆ ‘ಇವ್ರಿಗೂ’ ಕೇಳಿಸಿ, ಅಳತೆಪಟ್ಟಿಯನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದೆ.