ನೀರಿಗೆ ಬಂದವಳು

ಹೊಸಬರು ಯಾರಾದರೂ ನಮ್ಮ ಬೀದಿಗೆ ಬಂದರೆ, ಟೆಂಪೋದಿಂದ ಅವರ ಸಾಮಾನು ಇಳಿಯುವ ಮೊದಲೇ ನಾನು ಬಾಗಿಲಲ್ಲಿರುತ್ತೇನೆ. ಇದು ಸಮಾಜಸೇವೆ ಎಂದು ನಾನು ತಿಳಿದಿದ್ದೇನೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಕೋಲಾರದಿಂದ ಬಂದು ವಿಜಯಪುರದಲ್ಲಿ ಬೇರುಬಿಟ್ಟವನು ನಾನು. ಹೇಳುವವರು ಕೇಳುವವರಿಲ್ಲದೆ ಆಗ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡವೆಂಬ ಕಳಕಳಿ. ಕಳಕಳಿಗೆ ನನ್ನ ಹುಟ್ಟುಗಾಬರಿಯೂ ಸೇರಿದರೆ ಏನಾಗುತ್ತದೆಂದು ಕವಿತಾಳನ್ನು ಕೇಳಬೇಕು.

ಕವಿತಾ ಚಾಮರಾಜನಗರದವಳು. ವರ್ಷಗಟ್ಟಲೆ ಪರೀಕ್ಷೆ ಬರೆದು ಬರೆದು ಕೊನೆಗೂ ಹತ್ತಿರದ ತಿಕೋಟಾದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿ, ನಮ್ಮ ಬೀದಿಯಲ್ಲಿ ಒಬ್ಬಳೇ ಮನೆ ಮಾಡಿದಳು. ನಾನು ಹೋಗಿ ಕೂತು ಶುರುಮಾಡಿದೆ. ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ನೀವು ತಿಕೋಟಾದಲ್ಲಿದ್ದರೆ ಕಥೆ ಮುಗಿಯಿತು. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡಬೇಡಿ. ಬಾಗಿಲ ಸಂದಿಗೆ ಬಟ್ಟೆ ತುರುಕಿ, ಚೇಳು ಬರಬಹುದು. ಇಲ್ಲಿಯವರು ಜೋರಾಗಿ ಮಾತಾಡಿದರೆ ಜಗಳವೆಂದು ತಿಳಿಯಬೇಡಿ, ಜಗಳವೂ ಇರಬಹುದು. ಅವಳ ಮುಖ ಸಣ್ಣದಾಗುತ್ತ ಬಂತು. ಮನಸ್ಸಿಟ್ಟು ಕೇಳುತ್ತಿದ್ದಾಳೆ ಎಂದುಕೊಂಡು ಹಾವಿನ ವಿಷಯಕ್ಕೆ ಬಂದೆ.

ಆ ಶನಿವಾರ ಸಂಜೆ ಅವಳೇ ನಮ್ಮ ಮನೆಗೆ ಬಂದಳು. "ಸಾರ್, ನನ್ ಕೈಲಿ ಇಲ್ಲಿರೋಕಾಗಲ್ಲ. ಸೋಮವಾರ ರಾಜೀನಾಮೆ ಕೊಟ್ಟು ಊರಿಗೆ ಹೊರಟ್ಹೋಗ್ತೀನಿ."

ಈ ಊರನ್ನಾಳಿದ ಸುಲ್ತಾನರ ಮೂಲಪುರುಷನೂ ಸಮುದ್ರದಾಚೆಯಿಂದ ಬಂದವನಂತೆ. ಆಗ ನನ್ನಂಥವನೊಬ್ಬ ಸಹಾಯಕ್ಕೆಂದು ಅವನ ಬಾಗಿಲಿಗೆ ಹೋಗಿದ್ದರೆ ಗೋಳಗುಮ್ಮಟ ಏಳುತ್ತಲೇ ಇರಲಿಲ್ಲ.

ಮರುದಿನ ಅವಳನ್ನು ತಡೆಯಲು ಇನ್ನಷ್ಟು ಉಪದೇಶ ಕಟ್ಟಿಕೊಂಡು ಹೋದೆ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಶಾಂತವ್ವ ಕೈಚೀಲ ಹಿಡಿದು ಬಂದವಳೇ ಕವಿತಾಳ ಅಂಗೈಗೆ ಕೀಲಿಕೈ ತುರುಕಿದಳು.

"ತಗೋ ಬೇ. ಕಾಖಂಡಕ್ಯಾಗ ಸೊಸಿ ಹಡದಾಳ, ಕೂಸಿನ್ನ ನೋಡಾಕ ಹೊಂಟೇನಿ. ಮನ್ಯಾಗ ಯಾರೂ ಇಲ್ಲ. ನೀರು ಬಂದ್ರ ನಮ್ಮ ಟಾಕಿ ತುಂಬಸು."

"ಆಂಟಿ, ನಾನು ನಾಳೆ ಊರಿಗೆ ಹೋಗ್ತಿದ್ದೀನಿ..."

"ಹೋಗೀಯಂತ, ಯಾರ್ ಬ್ಯಾಡಂತಾರ? ನಾ ಬಂದ ಮ್ಯಾಲ ಹೋಗು."

"ಯಾವಾಗ ಬರ್ತೀರಾ?"

"ಕೂಸು ನನ್ನ ಬಿಟ್ಟಾಗ!"

"ಸಾರ್‌ಗೆ ಕೊಡಿ ಆಂಟಿ, ಅವರು ಹಳಬರು."

ಶಾಂತವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅವ್ರಿಗೆ ಬ್ಯಾಡವ್ವ. ಕೀಲಿಕೈ ಕಳದೀತಂತ ಹೆದರಿ ನಿದ್ದಿನೇ ಮಾಡೂದಿಲ್ಲ ಅವ್ರು."

ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ಗದ್ದಲ. ನೀರು ಬಂದಿತ್ತು. ಕವಿತಾ ವೇಲನ್ನು ಸೊಂಟಕ್ಕೆ ಬಿಗಿದು, ಎರಡು ಮನೆಗಳ ನಡುವೆ ಪೈಪು ಎಳೆಯುತ್ತ, ಎದುರುಮನೆಯ ಕಡೆ ಕೂಗುತ್ತಿದ್ದಳು: "ಅಕ್ಕಾ, ನಿಮ್ಮ ಮೋಟರ್ ನಿಲ್ಸಿ, ಈ ಕಡೆ ಹನಿನೂ ಬರ್ತಿಲ್ಲ!"

"ನಿನ್ನೆ ಬಂದಾಕಿ ನನಗ ಹೇಳಾಕತ್ತಿಯೇನ?"

"ಶಾಂತಕ್ಕನ ಟ್ಯಾಂಕ್ ತುಂಬ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ!"

ಎದುರುಮನೆಯಾಕೆ ನಕ್ಕು ಮೋಟರ್ ನಿಲ್ಲಿಸಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತದೆ ಗಾದೆ. ನಾನು ನೋಡಿದ್ದು ಬೇರೆಯೇ: ಅವಳು ಮೊದಲು ನೀರಿಗೆ ಬಂದಳು, ಆಮೇಲೆ ಊರಿಗೆ.

ಒದ್ದೆ ತೋಳಿನಲ್ಲೇ ತಿಕೋಟಾ ಬಸ್ಸಿಗೆ ಓಡುತ್ತಿದ್ದವಳನ್ನು ನಿಲ್ಲಿಸಿ, ರಾಜೀನಾಮೆ ಏನಾಯಿತು ಎಂದು ಕೇಳಿದೆ.

"ಇನ್ನೊಂದ್ಸಲ ನೀರು ಬಂದ್ರೆ ಟ್ಯಾಂಕ್ ಯಾರು ತುಂಬ್ಸೋದು ಸಾರ್?" ಎಂದು ಓಡಿದಳು.

ಶಾಂತವ್ವ ಕಾಖಂಡಕಿಯಿಂದ ಬಂದು ತಿಂಗಳುಗಳೇ ಆದವು. ಕೀಲಿಕೈ ಇನ್ನೂ ಕವಿತಾಳ ಬಳಿಯೇ ಇದೆ. ಇಬ್ಬರೂ ಅದರ ಮಾತೆತ್ತಿಲ್ಲ. ಇಷ್ಟು ವರ್ಷ ನಾನು ಹೊಸಬರಿಗೆ ಏನೇನೋ ಕೊಟ್ಟೆ. ಏನನ್ನೂ ಕೇಳಲಿಲ್ಲ.

ಮೊನ್ನೆ ಮೂಲೆಮನೆಗೆ ಹೊಸ ಸಂಸಾರವೊಂದು ಬಂತು. ಹೋದೆ. ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ. "ನಮ್ಮ ಮನೆಯ ಕಪಾಟು ಸರಿಸಬೇಕಿತ್ತು, ಸ್ವಲ್ಪ ಕೈ ಹಾಕ್ತೀರಾ?" ಎಂದೆ. ಆ ಮನುಷ್ಯ ಚಪ್ಪಲಿಯನ್ನೂ ಮೆಟ್ಟದೆ ಬಂದ, ಸರಿಸಿದ, ಚಹಾ ಕುಡಿದ, ಹೋಗುವಾಗ ಗೆದ್ದವನಂತೆ ನಡೆದ.

ಕಪಾಟು ಮೊದಲಿದ್ದ ಜಾಗದಲ್ಲೇ ಚೆನ್ನಾಗಿತ್ತು. ಈಗ ಕಿಟಕಿಗೆ ಅಡ್ಡ ನಿಂತಿದೆ. ಹೆಂಡತಿ ದಿನಾ ಬೈಯುತ್ತಾಳೆ. ಮುಂದಿನ ಹೊಸಬರು ಬರುವ ತನಕ ತಡೆದುಕೋ ಎಂದಿದ್ದೇನೆ.